ಲೈನ್ ಮನೆಯವರ ಹತ್ತಿರ ಇರುವೆ ಬಗ್ಗೆ ಮಾತಾಡೋದು ಹೇಗೆ?

ಚಗಳಿ ಹಿಂದೆ ಬಿದ್ದವನು:
ಕಾಫಿ ತೋಟದ ಇರುವೆಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಮುಖ್ಯವಾಗಿ ಚಗಳಿ, ಮರದ ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆ. ಎರಡು ವರ್ಷದಿಂದ ಮೂಡಿಗೆರೆ ಕಡೆ ಒಂದು ತೋಟದಲ್ಲಿ ಓಡಾಟ. ನಮ್ಮಂಥವರು ಪರಿಸರದ ಬಗ್ಗೆ ಮಾತಾಡಬೇಕು ಅಂದರೆ ಶಾಲೆಗೆ ಹೋಗುತ್ತೇವೆ, ಇಲ್ಲ ಬೆಳೆಗಾರರ ಸಭೆಗೆ. ದಿನಾ ಅದೇ ಗಿಡಗಳ ನಡುವೆ ನಿಂತು ಕಚ್ಚಿಸಿಕೊಳ್ಳುವವರ ಹತ್ತಿರ ಯಾರೂ ಹೋಗುವುದಿಲ್ಲ. ಅದಕ್ಕೇ ಹೋದ ತಿಂಗಳು ಲೈನ್ ಮನೆ, ಅಂದರೆ ತೋಟದ ಕೆಲಸಗಾರರ ಸಾಲು ಮನೆಗಳ ಅಂಗಳದಲ್ಲಿ ಸಂಜೆ ಏಳಕ್ಕೆ ಪ್ರೊಜೆಕ್ಟರ್ ಇಟ್ಟೆ. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್ ಎಲ್ಲರನ್ನೂ ಕರೆಸಿ ಕೂರಿಸಿದರು. ಸಾಹುಕಾರರೂ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ನನ್ನ ಹತ್ತಿರ 40 ಸ್ಲೈಡ್ ಇತ್ತು. ಹತ್ತು ನಿಮಿಷಕ್ಕೆ ಹೆಂಗಸರು ಒಬ್ಬೊಬ್ಬರೇ ಎದ್ದು ಹೋದರು. ಅಸ್ಸಾಮಿನಿಂದ ಬಂದ ಹುಡುಗರಿಗೆ ನನ್ನ ಕನ್ನಡವೇ ಅರ್ಥವಾಗಲಿಲ್ಲ. ಕೊನೆಗೆ ಏನಾದರೂ ಕೇಳುವುದಿದೆಯಾ ಅಂದೆ. ಹಿಂದಿನಿಂದ ಒಬ್ಬರು, "ಆನೆ ಯಾವಾಗ ಬರುತ್ತೆ ಅಂತ ಹೇಳೋಕಾಗುತ್ತಾ ಸಾರ್?" ಅಂದರು. ನನ್ನ ಬಾಯಿ ಬಂದ್. ಎಲ್ಲಿ ತಪ್ಪಿದೆ ಹೇಳಿ.

ಲೈನ್ ಮನೇಲೇ ಬೆಳೆದವಳು:
ಬೇಜಾರು ಮಾಡಿಕೊಳ್ಳಬೇಡಿ ಸರ್, ಎಲ್ಲ ಕಡೆನೂ ತಪ್ಪಿದೆ. ನನ್ನಮ್ಮ ಸಕಲೇಶಪುರದ ಹತ್ತಿರ ಇಪ್ಪತ್ತು ವರ್ಷ ಹಣ್ಣು ಬಿಡಿಸಿದವಳು. ಕೊಯ್ಲಿನ ಟೈಮಲ್ಲಿ ಸಂಜೆ ಏಳು ಅಂದರೆ ಏನು ಗೊತ್ತಾ? ಇಡೀ ದಿನ ಬಿಡಿಸಿ, ಮೂಟೆ ಹೊತ್ತು, ತೂಕಕ್ಕೆ ನಿಂತು, ಬಂದು ನೀರು ಹಿಡಿದು, ಒಲೆ ಹಚ್ಚೋ ಹೊತ್ತು. ಅವರು ಎದ್ದು ಹೋಗಿದ್ದು ನಿಮ್ಮ ಇರುವೆ ಮೇಲಿನ ಕೋಪಕ್ಕಲ್ಲ, ಅನ್ನ ಸೀದುಹೋಗುತ್ತೆ ಅಂತ. ಭಾನುವಾರವೂ ಇಟ್ಟುಕೊಳ್ಳಬೇಡಿ, ರಜ ಸಿಗೋದು ಅದೊಂದು ದಿನ, ಸಂತೆ, ಬಟ್ಟೆ ಒಗೆಯೋದು ಎಲ್ಲ ಅವತ್ತೇ. ಮತ್ತೆ ಸಾಹುಕಾರರು ಮುಂದೆ ಕೂತಿದ್ದರೆ ಯಾರು ಬಾಯಿ ಬಿಡುತ್ತಾರೆ? ಇರುವೆ ಜಾಸ್ತಿ ಇದೆ, ಬಿಡಿಸೋಕೆ ಆಗಲ್ಲ ಅಂದರೆ ಕೆಲಸಗಳ್ಳಿ ಅನ್ನಿಸಿಕೊಳ್ಳಬೇಕು. ಕಿಲೋ ಲೆಕ್ಕದಲ್ಲಿ ಕೂಲಿ ಇದ್ದರಂತೂ ಚಗಳಿ ಗೂಡಿರೋ ಗಿಡ ಅಂದರೆ ಸೀದಾ ದುಡ್ಡಿಗೆ ಹೊಡೆತ. ಅಮ್ಮ ಹಳೇ ತುಂಬುತೋಳಿನ ಅಂಗಿ ಹಾಕಿ, ತೋಳಿನ ತುದಿಗೆ ದಾರ ಕಟ್ಟಿಕೊಂಡು ಹೋಗುತ್ತಿದ್ದಳು, ಆದರೂ ಕುತ್ತಿಗೆ ಪೂರ್ತಿ ಕೆಂಪು. ಮಧ್ಯಾಹ್ನ ಬುತ್ತಿ ಬಿಚ್ಚೋ ಹೊತ್ತಿಗೆ ಹೋಗಿ, ಪ್ರೊಜೆಕ್ಟರ್ ಬಿಟ್ಟು. ಸುಮ್ನೆ ಕೂತುಕೊಳ್ಳಿ. ಮೊದಲು ನೀವು ಕೇಳಿ.

ಹಳೇ ಮೇಷ್ಟ್ರು:
ನಳಿನಿ ನಾಡಕರ್ಣಿ ಅವರ ಕೆಲಸ ನೋಡಿದ್ದೀರಾ? ಅಮೆರಿಕದವರು, ತಂದೆ ಭಾರತದವರು, ಮರದ ತುದಿಯ ಜೀವಲೋಕದ ವಿಜ್ಞಾನಿ. ಅಲ್ಲಿ ಹೂವಿನ ಅಂಗಡಿಗಳಿಗೆಂದು ಕಾಡಿನ ಪಾಚಿಯನ್ನು ಕಿತ್ತು ತರುತ್ತಾರೆ, ಅದು ಮತ್ತೆ ಬೆಳೆಯೋಕೆ ದಶಕಗಳು ಬೇಕು. ಅದನ್ನು ಬೆಳೆಸೋದು ಹೇಗೆ ಅಂತ ತಿಳಿಯಬೇಕಿತ್ತು. 2004ರ ಹೊತ್ತಿಗೆ ವಾಷಿಂಗ್ಟನ್ ರಾಜ್ಯದ ಸೀಡರ್ ಕ್ರೀಕ್ ಜೈಲಿಗೆ ಹೋಗಿ ಕೈದಿಗಳನ್ನೇ ಜೊತೆ ಸೇರಿಸಿಕೊಂಡರು. ಈ ಕೆಲಸಕ್ಕೆ ಹರಿತವಾದ ಸಾಮಾನು ಬೇಡ, ಬೇಕಾಗಿದ್ದು ಟೈಮು, ದಿನಾ ನೋಡೋ ಕಣ್ಣು. ಅದೆರಡೂ ಜೈಲಿನಲ್ಲಿ ಇತ್ತಲ್ವಾ! ಮುಂದೆ ಅದೇ ಜೈಲಿನಲ್ಲಿ ಅಳಿವಿನಂಚಿನ ಒಂದು ಜಾತಿ ಕಪ್ಪೆಯನ್ನೂ ಸಾಕಿ ಬಿಟ್ಟರು. ಚರ್ಚಿಗೆ ಹೋದರೆ ಧರ್ಮಗ್ರಂಥದಲ್ಲಿ ಮರ ಎಲ್ಲೆಲ್ಲಿ ಬರುತ್ತದೆ ಅಂತ ಹುಡುಕಿಕೊಂಡು ಹೋಗಿ ಅಲ್ಲಿಂದ ಮಾತು ಶುರು ಮಾಡುತ್ತಿದ್ದರು. ನೀವು ನಿಮ್ಮ ಸ್ಲೈಡಿನಿಂದ ಶುರು ಮಾಡಿದಿರಿ. ನಾನೂ 30 ವರ್ಷ ಪಾಠ ಹೇಳುವಾಗ ಅದನ್ನೇ ಮಾಡಿದ್ದು, ಬಿಡಿ.

ಬಿಳಿಗಿರಿ:
ಅಮೆರಿಕದ ತನಕ ಯಾಕೆ ಮೇಷ್ಟ್ರೇ. ಬಿಳಿಗಿರಿರಂಗನ ಬೆಟ್ಟದಲ್ಲಿ ನೆಲ್ಲಿಮರಗಳು ಒಣಗುತ್ತಿದ್ದಾಗ ಅಲ್ಲಿನ ಕಾಡಿನ ಜನ ಸೋಲಿಗರು ಹೇಳಿದ್ದು ಉಪ್ಪಿಲಿನ ಬಗ್ಗೆ. ಅದು ನೆಲ್ಲಿ ಕೊಂಬೆ ಮೇಲೆ ಬೇರುಬಿಟ್ಟು ಮರದ ರಸ ಹೀರೋ ಗಿಡ. ಹಿಂದೆ ತರಗು ಬೆಂಕಿ ಹಾಕುತ್ತಿದ್ದೆವು, ನೆಲಮಟ್ಟದ ಸಣ್ಣ ಬೆಂಕಿ, ಅದು ನಿಂತ ಮೇಲೆ ಉಪ್ಪಿಲೂ ಹೆಚ್ಚಾಯ್ತು, ಹೊರಗಿಂದ ಬಂದು ಹಬ್ಬಿದ ಲಂಟಾನ ಪೊದೆಯೂ ಹೆಚ್ಚಾಯ್ತು ಅಂತ. ಕಾಯಿ ಕೀಳೋರಿಂದಲೇ ಕಾಡು ಹಾಳು ಅನ್ನೋದು ಆಗಿನ ಮಾತು. ಏಟ್ರೀ ಸಂಸ್ಥೆಯ ಸಂಶೋಧಕರು ಸೋಲಿಗರ ಮಾತನ್ನು ಗಂಭೀರವಾಗಿ ತಗೊಂಡು ಅಳೆದು ನೋಡಿದರು. 1997ರಿಂದ 2008ರೊಳಗೆ ಲಂಟಾನ ಇದ್ದ ಜಾಗ ಹೆಚ್ಚುಕಡಿಮೆ ದುಪ್ಪಟ್ಟಾಗಿತ್ತು. ಹೇಳಿಕೊಡೋಕೆ ಹೋಗೋರು ಮೊದಲು ಇದನ್ನು ಓದಿಕೊಂಡು ಹೋಗಬೇಕು.

ಕೇಬಲ್ ಕುಮಾರ:
ಆನೆ ಕೇಳಿದವರನ್ನು ಮರೆಯಬೇಡಿ. ತಮಿಳುನಾಡಿನ ವಾಲ್ಪಾರೈ ಟೀ ತೋಟಗಳಲ್ಲಿ ಎನ್‌ಸಿಎಫ್ ಅನ್ನೋ ವನ್ಯಜೀವಿ ಸಂಸ್ಥೆಯವರು ಆನೆ ಎಲ್ಲಿದೆ ಅಂತ ಮೊಬೈಲಿಗೆ ಎಸ್ಸೆಮ್ಮೆಸ್ ಕಳಿಸೋದು, ಲೋಕಲ್ ಕೇಬಲ್ ಟಿವಿಯಲ್ಲಿ ಕೆಳಗೆ ಸಾಲು ಓಡಿಸೋದು, ಆನೆ ಹತ್ತಿರ ಇದ್ದರೆ ಕೆಂಪು ದೀಪ ಹತ್ತಿಸೋದು ಎಲ್ಲ ಮಾಡಿದ್ದಾರೆ. ಸಂಜೆ ಕತ್ತಲಲ್ಲಿ ಮನೆಗೆ ನಡೆಯೋರಿಗೆ ಬೇಕಿರೋ ಇಕಾಲಜಿ ಅದು. ನಿಮ್ಮ ಊರಿನಲ್ಲಿ ಅಂಥದ್ದಿದೆಯಾ ವಿಚಾರಿಸಿ, ನಂಬರ್ ಕೊಡಿಸಿ. ಆಮೇಲೆ ಇರುವೆ ಮಾತು.

ದಿಬ್ರುಗಢದ ಕನ್ನಡಿಗ:
ಅಸ್ಸಾಮಿನ ಹುಡುಗರಿಗೆ "ಅಮ್ರೋಲಿ ಪೊರುವಾ" ಅಂದು ನೋಡಿ. ಚಗಳಿಯೇ ಅದು. ಇಲ್ಲಿ ಬೊಹಾಗ್ ಬಿಹುಗೆ ಅದರ ಮೊಟ್ಟೆ ಹುರಿದು ತಿನ್ನುತ್ತಾರೆ. ನಮ್ಮ ಮಲೆನಾಡಿನ ಚಗಳಿ ಚಟ್ನಿ ಕಥೆ ಹೇಳಿದರೆ ನಗುತ್ತಾರೆ.

ಚಗಳಿ ಹಿಂದೆ ಬಿದ್ದವನು:
ಮೂರು ವಾರ ಆಯ್ತು. ಬುತ್ತಿ ಹೊತ್ತಿಗೆ ಹೋಗುತ್ತಿದ್ದೇನೆ, ಹಾಳೆ ಪೆನ್ನು ಇಲ್ಲದೆ. ಆನೆ ಮಾಹಿತಿಗೆ ಅರಣ್ಯ ಇಲಾಖೆಯವರ ನಂಬರ್ ಎಲ್ಲರ ಫೋನಿಗೆ ಹಾಕಿಕೊಟ್ಟೆ. ಅಮ್ರೋಲಿ ಅಂದ ತಕ್ಷಣ ಇಬ್ಬರು ಹುಡುಗರು ನನ್ನನ್ನು ಎಳೆದುಕೊಂಡು ಹೋಗಿ ನಾನು ನೋಡದೇ ಇದ್ದ ನಾಲ್ಕು ಗೂಡು ತೋರಿಸಿದರು.

ಮೊನ್ನೆ ಒಬ್ಬ ಅಕ್ಕ ಒಂದು ಹಲಸಿನ ಮರದ ಬುಡಕ್ಕೆ ಕರೆದುಕೊಂಡು ಹೋದರು. ಈ ಮರದ ಚಗಳಿ ಆ ಮಾವಿನ ಮರಕ್ಕೆ ಹೋಗುತ್ತದೆ, ಏನೂ ಆಗಲ್ಲ, ಆದರೆ ಪಕ್ಕದ ಮರದ ಚಗಳಿ ಬಂದರೆ ಕಚ್ಚಿ ಎಳೆದಾಡುತ್ತವೆ, ಯಾಕೆ ಅಂದರು. ನನ್ನ ಎರಡನೇ ಅಧ್ಯಾಯವೇ ಇದು! ಒಂದೇ ರಾಣಿಯ ಸಂಸಾರ ಹತ್ತಾರು ಮರದಲ್ಲಿ ಗೂಡು ಮಾಡಿಕೊಂಡಿರುತ್ತದೆ, ತಮ್ಮವರನ್ನು ವಾಸನೆಯಲ್ಲೇ ಗುರುತು ಹಿಡಿಯುತ್ತವೆ, ಬೇರೆ ಸಂಸಾರದವು ಬಂದರೆ ಬಿಡುವುದಿಲ್ಲ ಅಂದೆ. "ಓ, ಬೇಲಿ ಜಗಳ" ಅಂದು ಅವರು ಅನ್ನ ಕಲಸಿದರು.

ಆಮೇಲೆ ಬೇಲಿ ಎಲ್ಲೆಲ್ಲಿದೆ ಅಂತ ಕೈ ತೋರಿಸುತ್ತಾ ಹೋದರು. ನಾನು ಎರಡು ವರ್ಷದಲ್ಲಿ ಮಾಡಿದ ನಕ್ಷೆಯಲ್ಲಿ ಎರಡು ಕಡೆ ಗೆರೆ ತಪ್ಪಿದೆ. ಶನಿವಾರ ಭೂತಗನ್ನಡಿ ತಗೊಂಡು ಬಾ, ಮಗಳಿಗೂ ತೋರಿಸಬೇಕು ಅಂದಿದ್ದಾರೆ. ರೈಟರ್‌ಗೆ ಈ ಸಲ ಹೇಳಿಲ್ಲ.