[ಪದಚರ್ಚೆ] ಕಡಿತನಕ ಉತ್ತರ ಹೇಳದ ಸಿನಿಮಾಕ್ಕ ಏನಂತೀರಿ? (ಅರ್ಜೆಂಟ್)

ಎಲ್ಲರಿಗೂ ನಮಸ್ಕಾರ್ರಿ. ನಾವು ಇಪ್ಪತ್ತು ಮಂದಿ ಕಲಬುರಗಿಯಾಗ ತಿಂಗಳಿಗೊಮ್ಮಿ ಸೇರಿ ಸಿನಿಮಾ ನೋಡ್ತೀವಿ. ಈ ಸಲ ಮೂರು ದಿನ ಮೂರು ಸಿನಿಮಾ, ಆಸ್ಟ್ರೇಲಿಯಾದ 'ಪಿಕ್‌ನಿಕ್ ಅಟ್ ಹ್ಯಾಂಗಿಂಗ್ ರಾಕ್' (1975), ಇಟಲಿಯ 'ಲವೆಂತೂರಾ' (1960), ಕೊರಿಯಾದ 'ಮೆಮೊರೀಸ್ ಆಫ್ ಮರ್ಡರ್' (2003). ಮೂರರಾಗೂ ಯಾರರೆ ಕಾಣಿಯಾಗ್ತಾರ ಇಲ್ಲಾ ಕೊಲಿ ಆಗ್ತದ, ಆದ್ರ ಯಾರು ಮಾಡಿದ್ರು ಎಲ್ಲಿ ಹೋದ್ರು ಅನ್ನೋದು ಹೇಳದೇ ಸಿನಿಮಾ ಮುಗಿಸಿಬಿಡ್ತಾರ. ಇಂಥವುಕ ಒಂದು ಹೆಸರು ಬೇಕಾಗ್ಯದ, ಬ್ಯಾನರ್ ನಾಳಿ ಸಂಜಿ 5ಕ್ಕ ಪ್ರಿಂಟಿಗಿ ಹೋಗಬೇಕು. 'ಪತ್ತೇದಾರಿ' ಅಂದ್ರ ಪತ್ತೆ ಹತ್ತಬೇಕು, ಇಲ್ಲಿ ಹತ್ತಂಗಿಲ್ಲ. 'ನಿಗೂಢ' ಅಂದ್ರ ಟಿವಿಯಾಗಿನ ದೆವ್ವದ ಪ್ರೋಗ್ರಾಂ ನೆನಪಾಗ್ತದ. ಮತ್ತ ಇವುಕ ಕಥಿಗಿಂತ ಗಾಳಿ, ಸಪ್ಪಳ, ಬೆಳಕು ಮುಖ್ಯ, ಅದೂ ಹೆಸರಿನಾಗ ಬರಬೇಕು. ಒಬ್ಬ ಗೆಳೆಯ 'ವಾತಾವರಣಪ್ರಧಾನ ರಹಸ್ಯಚಿತ್ರ' ಅಂದ. ಮಳಿ ಯಾವಾಗ ಬರ್ತದ ಅಂತ ಕೇಳ್ಲಕ ರೈತರು ಬರ್ತಾರ ಅಷ್ಟೆ.
— ರಾ., ಕಲಬುರಗಿ

ಪತ್ತೇದಾರಿ ಬಿಟ್ಟದ್ದು ಛಲೋ ಆಯ್ತು. ಆ 'ದಾರ' ಫಾರ್ಸಿದು, ತಹಸೀಲ್ದಾರ ಹವಾಲ್ದಾರ ಸಾಲಿಂದು. 'ರಹಸ್ಯ'ನೂ ನಮ್ದಲ್ಲ, 'ಚಿತ್ರ'ನೂ ನಮ್ದಲ್ಲ. 'ಬಯಲಾಗದ ಗುಟ್ಟಿನ ಓಡುತಿಟ್ಟ' ಅಂತ ಬರೀರಿ, ಓಡುತಿಟ್ಟ ಅಂದ್ರ ಸಿನಿಮಾ. ಮುಗೀತು.
— ನಿ., ಬೀದರ

ಓಡುತಿಟ್ಟ ಅಂತ ಬರದ್ರ ಬಂದವರೂ ಓಡ್ತಾರ. ಅದಿರಲಿ, ಗುಟ್ಟು ಇಲ್ಲಿ ಹೊಂದಂಗೇ ಇಲ್ಲ. ಗುಟ್ಟು ಅಂದ ಮ್ಯಾಲ ಒಬ್ಬರಿಗರೆ ಗೊತ್ತಿರಬೇಕು, ಅವರು ಮುಚ್ಚಿಟ್ಟಿರಬೇಕು. ಈ ಸಿನಿಮಾದಾಗ ಯಾರಿಗೂ ಗೊತ್ತಿಲ್ಲ, ಯಾರೂ ಮುಚ್ಚಿಟ್ಟಿಲ್ಲ. ಗುಟ್ಟು ರಟ್ಟಾಗ್ತದ, ಒಡಪು ಒಡೀತದ, ಎರಡೂ ಬ್ಯಾರೆ. ಹಾಂ, ಒಡಪು! ನೆನೆ-ನೆನಪು, ಹೊಳೆ-ಹೊಳಪು, ಒಡೆ-ಒಡಪು, ಪದದ ಹೊಟ್ಟ್ಯಾಗೇ 'ನನ್ನ ಒಡಿ' ಅಂತ ಕುಂತದ, ಹಂಗಾಗಿ 'ಒಡೀದ ಒಡಪು' ಅಂದ್ರ ಎಷ್ಟ್ ಛಂದ ನೋಡ್ರಿ. ಒಗಟಿಗಿಂತ ಒಡಪು ಹೆಚ್ಚು ಅಂತ ನಾ ಈ ಪದಚರ್ಚೆ ಗುಂಪಿಗಿ ಸೇರಿದಾಗಿಂದ ಹೇಳ್ಲಕತ್ತೀನಿ, ಯಾರೂ ಕಿವಿಗಿ ಹಾಕ್ಕೊಳ್ಳಂಗಿಲ್ಲ.
— ಮ., ಶಹಾಪುರ

ಮಾಸ್ತರ್ರ, ಒಡಪು ಅಂದ್ರ ನಮ್ಮ ಮನ್ಯಾಗ ಹೆಣ್ಮಕ್ಕಳು ಪದ ಕಟ್ಟಿ ಗಂಡನ ಹೆಸರು ಹೇಳೋದು. ಬ್ಯಾನರ್ ನೋಡಿ ಹೆಣ್ಮಕ್ಕಳು ಯಾರದೋ ಸೀಮಂತ ಅಂತ ಉಡಿ ತುಂಬೋ ಸಾಮಾನು ಹಿಡ್ಕೊಂಡು ಬಂದ್ರ ನೀವೇ ಜವಾಬ್ದಾರಿ.

ರಾ. ಅವರೆ, ಮೂರರಾಗ ಮೊದಲನೇದು ನಾ ಎರಡು ಸಲ ನೋಡೀನಿ, ಅದಕ್ಕ ಸ್ವಲ್ಪ ಉದ್ದ ಬರೀತೀನಿ. 1900ರ ಫೆಬ್ರವರಿ 14, ಸಾಲಿ ಹುಡುಗೇರು ಬಂಡಿ ಕಟ್ಕೊಂಡು ಒಂದು ಕಲ್ಲುಗುಡ್ಡಕ್ಕ ಹೋಗ್ತಾರ, ಗಡಿಯಾರ ಬರೋಬ್ಬರಿ 12ಕ್ಕ ನಿಂತು ಬಿಡ್ತಾವ, ಮೂವರು ಹುಡುಗೇರು ಒಬ್ಬ ಟೀಚರು ಕಾಣಿಯಾಗ್ತಾರ. ಆಮ್ಯಾಲ ಒಬ್ಬಾಕಿ ಸಿಗ್ತಾಳ, ಆಕಿಗಿ ಏನೂ ನೆನಪಿಲ್ಲ. ಅಷ್ಟೇ. ಕತ್ತಲಿಲ್ಲ, ಮಳಿ ಇಲ್ಲ, ಬಾಗಿಲು ಕಿರ್ ಅನ್ನಂಗಿಲ್ಲ. ಎಲ್ಲಾ ಸುಡು ಬಿಸಿಲಿನಾಗೇ. ಬೆಂಗಳೂರಿನವರಿಗಿ ಇದು ಹೊಸಾದು ಅನಿಸಬಹುದು, ನಮಗ ಹಂಗಲ್ಲ. ಮಟಮಟ ಮಧ್ಯಾನ ಹುಣಸಿ ಗಿಡದ ಕೆಳಗ ನಿಂದರಬ್ಯಾಡ ಅಂತ ನಮ್ಮವ್ವ ಬೈತಿದ್ಲು. ಯಾಕ ಅಂದ್ರ ಬಾಯಿ ಬಿಡ್ತಿರಲಿಲ್ಲ. ದೆವ್ವ ಅದ ಅಂತ ಬಿಡಿಸಿ ಹೇಳಿದ್ರ ನಾ ಎಂದೋ ನಕ್ಕು ಬಿಡ್ತಿದ್ದೆ, ಈಗ ಐವತ್ತು ದಾಟ್ಯಾವ, ಮೇ ತಿಂಗಳ ಮಧ್ಯಾನ ಇವತ್ತಿಗೂ ಆ ಗಿಡ ಬಳಸಿಕೊಂಡೇ ಹೋಗ್ತೀನಿ.

ಇನ್ನೊಂದು ಮಜಾ ಅಂದ್ರ, ಆ ಸಿನಿಮಾ ಒಂದು ಕಾದಂಬರಿ ಮ್ಯಾಲಿಂದು, ಅದನ್ನ ಬರದಾಕಿ ಉತ್ತರದ ಒಂದು ಅಧ್ಯಾಯನೂ ಬರದು ಇಟ್ಟಿದ್ಲು. 1967ರಾಗ ಪುಸ್ತಕ ಬಂದಾಗ ಅದು ತೆಗದು ಹಾಕಿದ್ರು, ಆಕಿ ತೀರಿದ ಮ್ಯಾಲ 1987ರಾಗ ಬ್ಯಾರೆ ಪುಸ್ತಕ ಮಾಡಿ ತಂದ್ರು. ಉತ್ತರ ಅಂಗಡ್ಯಾಗ ಸಿಗ್ತಿದ್ರೂ ಮಂದಿ ಉತ್ತರ ಇಲ್ಲದ ಸಿನಿಮಾನೇ ನೋಡ್ತಾರ. ಅದಕ್ಕ ನನ್ನ ಓಟು 'ಗುಂಗು'. ಗುಂಗಿನಾಗ ಗಾಳಿನೂ ಬಂತು ಸಪ್ಪಳನೂ ಬಂತು, ಬ್ಯಾರೆ ವಾತಾವರಣ ಬೇಕಿಲ್ಲ.
— ಸು., ಕಲಬುರಗಿ

ಗುಂಗು ಹಾಡಿಂದು. ಅಲ್ಲಮಪ್ರಭುಗಳ ಒಗಟಿನಂಥಾ ವಚನಕ್ಕ ಹೇಳೋ ಪದ ಅದ, 'ಬೆಡಗು'. ಬೆಡಗಿನ ವಚನದಾಗ ಕಪ್ಪಿ ಬರ್ತದ ಹಾವು ಬರ್ತದ, ಏನಂತ ಹೇಳಂಗಿಲ್ಲ. ಮುಂದ ಅವುಕ ಟೀಕೆ ಬರದ್ರು, ಇದಂದ್ರ ಮನಸ್ಸು ಅದಂದ್ರ ಮಾಯೆ ಅಂತ, ಒಂದೊಂದಕ್ಕೂ ಚೀಟಿ ಹಚ್ಚಿ ಇಟ್ರು. ಟೀಕೆ ಓದಿ ಯಾರಿಗರೆ ರಾತ್ರಿ ನಿದ್ದಿ ಕೆಟ್ಟದೇನು? ವಚನ ಓದಿದ್ರ ಕೆಡ್ತದ. ಕಲ್ಯಾಣದ ನೆಲದಾಗ ಕುಂತು ಬ್ಯಾರೆ ಪದ ಹುಡುಕೋದು ತಪ್ಪು.
— ಬ., ಬಸವಕಲ್ಯಾಣ

ಸರ್, ಪದ ಭಾರೀ ಅದ. ಆದ್ರ ಈಗ 'ಬೆಡಗು' ಅಂತ ಬ್ಯಾನರ್ ಕಟ್ಟಿದ್ರ ಬ್ಯೂಟಿ ಪಾರ್ಲರ್ ಓಪನಿಂಗ್ ಅಂತಾರ.
— ರಾ.

ಅಣ್ಣಾವ್ರೆ, ನಾವು ಹುಡುಗರು ಇಂಥಾವುಕ 'ಮಾಹೋಲ್ ಸಿನಿಮಾ' ಅಂತೀವಿ, ಮಾಹೋಲ್ ಅಂದ್ರ ವಾತಾವರಣ. ಸ್ಟೋರಿ ಇಲ್ಲ, ಮಾಹೋಲ್ ಅದ, ಹಂಗ.
— ಇ., ಕಲಬುರಗಿ

ಬಂತು ನೋಡ್ರಿ ಅರಬಿ ಮೂಲದ್ದು. ಮೊದಲು 'ಅರ್ಜೆಂಟ್', 'ಪ್ರಿಂಟ್', 'ಬ್ಯಾನರ್', ಈಗ ಮಾಹೋಲ್. ಪ್ರಶ್ನಿನೇ ಕನ್ನಡದಾಗ ಇಲ್ಲ, ಉತ್ತರ ಹ್ಯಾಂಗ ಕನ್ನಡದಾಗ ಇರ್ತದ? ಎರವಲು ತಂದದ್ದು ತಿರುಗಿ ಕೊಡೋ ರೂಢಿ ನಮ್ಮಲ್ಲಿಲ್ಲ.
— ನಿ., ಬೀದರ

ನಿ. ಸಾಹೇಬ್ರ, ಕುರ್ಚಿ ಮ್ಯಾಲ ಕುಂತು ಅರ್ಜಿ ಬರದು ಕಚೇರಿಗಿ ಕೊಟ್ಟು ರಸೀದಿ ಇಸ್ಕೊಂಡವರು ನಾವು. ಇದರಾಗ ಎಷ್ಟು ತಿರುಗಿ ಕೊಡ್ತೀರಿ? 1948ರ ತನಕ ನಮ್ಮ ಕಡಿ ನಿಜಾಮರ ಕಚೇರ್ಯಾಗ ಉರ್ದು ನಡೀತು, ಆ ಮಾತು ಕಚೇರಿ ದಾಟಿ ಅಡಗಿಮನಿ ತನಕ ಬಂದಾವ. ನಿಮ್ಮ ಬೀದರದಾಗ ಅವು ತೆಗದ್ರ ಚಹಾ ಕೇಳ್ಲಕೂ ಕೈಸನ್ನಿ ಮಾಡಬೇಕಾಗ್ತದ. ಹಂಗಂತ ಮಾಹೋಲ್ ಬ್ಯಾನರಿಗಿ ಬ್ಯಾಡ. ಒಡಪು ಅಂತ ನಾ ಮತ್ತ ಹೇಳಂಗಿಲ್ಲ. (ಒಡಪು.)
— ಮ.

ಜಗಳ ಬಿಡ್ರಿ, ವ್ಯಾಕರಣ ನೋಡ್ರಿ. 'ಬಿಡಿಸಲಾರದ', 'ಬಿಡಿಸದ', 'ಬಿಡಿಸದೆ ಬಿಟ್ಟ', ಮೂರೂ ಒಂದೇ ಅಲ್ಲ. ಕೊರಿಯಾದ ಸಿನಿಮಾ ಖರೆ ನಡದ ಕೊಲಿಗಳ ಮ್ಯಾಲಿಂದು. 2003ರಾಗ ಅದು ಪೊಲೀಸರು ಬಿಡಿಸಲಾರದ ಕೇಸು. 2019ರಾಗ ಡಿಎನ್‌ಎ ಹಿಡದು ನೋಡಿದ್ರ ಕೊಲಿ ಮಾಡಿದವ ಸಿಕ್ಕ, ಬ್ಯಾರೆ ಕೊಲಿಗಿ ಮೊದಲೇ ಜೈಲಿನಾಗಿದ್ದ. ಕೇಸು ಬಿಡೀತು, ಸಿನಿಮಾ ಬಿಡೀಲಿಲ್ಲ. ಕಡೀಕ ಕೇಸಿನ ಬೆನ್ನು ಹತ್ತಿದ್ದ ಹಳೇ ಪೊಲೀಸ ನೆಟ್ಟಗ ಕ್ಯಾಮೆರಾ ಕಡಿ ನೋಡ್ತಾನಲ್ಲ, ಅದು ಇವತ್ತಿಗೂ ಮೈ ಜುಂ ಅಂತದ. ಇಟಲಿದು ಮೂರನೇ ಥರ. ದ್ವೀಪದಾಗ ಹುಡುಗಿ ಕಾಣಿಯಾಗ್ತಾಳ, ಹುಡುಕಲಕ ಹೋದವರು ಹುಡುಕೋದೇ ಮರತು ತಮ್ಮ ತಮ್ಮ ಪ್ರೀತಿಗಿ ಹತ್ತತಾರ. ಕಾನ್ ಉತ್ಸವದಾಗ ನೋಡಿದವರು ಕೂಗಾಡಿ ಬೈದ್ರು, ಅದೇ ಉತ್ಸವದ ಜ್ಯೂರಿ ಬಹುಮಾನನೂ ಅದಕ್ಕ ಬಂತು. ಮೂರಕ್ಕೂ ಹೊಂದೋದು 'ಬಿಡಿಸದ' ಒಂದೇ. 'ಲಾರದ' ಹಾಕಿದ್ರ ಡೈರೆಕ್ಟರಿಗಿ ತಾಕತ್ತಿಲ್ಲ ಅಂದಂಗ ಆಗ್ತದ.
— ಸು.

ಅಕ್ಕಾವ್ರೆ, ನಿಮ್ಮದೇ ತೊಗೊಂಡೀನಿ. 'ಗುಂಗು: ಬಿಡಿಸದ ಒಗಟಿನ ಮೂರು ಸಿನಿಮಾ' ಅಂತ ನಿನ್ನಿ 5ಕ್ಕ ಕೊಟ್ಟು ಬಂದೆ. ಇವತ್ತು ತರ್ಲಕ ಹೋದ್ರ ಅಂಗಡಿ ಹುಡುಗ 'ಸ್ಪೆಲ್ಲಿಂಗ್ ಮಿಸ್ಟೇಕ್ ಇತ್ತು ಸರ್, ಸರಿ ಮಾಡೀನಿ' ಅಂದ. 'ಬಿಡಿಸಿದ ಒಗಟಿನ ಮೂರು ಸಿನಿಮಾ'! ಎಂಟು ಫೂಟಿನ ಬ್ಯಾನರ್, ತಿರುಗಿ ಹೊಡಸ್ಲಕ ರೊಕ್ಕ ಇಲ್ಲ. ಈಗ ಬಿಳಿ ಟೇಪು ತಂದು ಕುಂತೀನಿ, 'ಸಿ' ಮ್ಯಾಲಿನ ಗುಡಿಸು ಮುಚ್ಚಲಕತ್ತೀನಿ.
— ರಾ.

ಒಗಟು ಅಂತೂ ಅಚ್ಚಗನ್ನಡ, ಅದು ಒಪ್ಪಿದೆ. ಆದ್ರ 'ಸಿನಿಮಾ' ಅಂತ ಬರದಿರಿ, ನಾ ಬರಂಗಿಲ್ಲ. ಎಷ್ಟಕ್ಕ ಶುರು?
— ನಿ., ಬೀದರ