ಹೊಸ ಶವರ್ ಜಾಗದಲ್ಲಿ ನೀರು ನಿಲ್ಲುತ್ತದೆ, ಪಕ್ಕದ ಕೋಣೆ ಗೋಡೆ ಒದ್ದೆ: ಸಿಲಿಕಾನ್ ಸಾಕೇ?

ಬದಿಯಡ್ಕ_ಮನೆ:
ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಕೆಂಪುಕಲ್ಲಿನ ಹಳೆ ಮನೆ. ಬಾತ್‌ರೂಮಿನ ಶವರ್ ಭಾಗ (4×3 ಅಡಿ) ಹೊಸದಾಗಿ ಮಾಡಿಸಿದ್ದು, ಕಂಟ್ರಾಕ್ಟರ್ ಮಂಗಳೂರಿನವರು. ಈಗ ಮೂಲೆಯಲ್ಲಿ ನೀರು ನಿಲ್ಲುತ್ತದೆ. ಗೋಡೆಯ ಕೆಲವು ಟೈಲ್ ತಟ್ಟಿದರೆ ಟೊಳ್ಳು ಸದ್ದು. ಗೋಡೆಯಾಚೆ ಮಲಗುವ ಕೋಣೆಯಲ್ಲಿ ನೆಲದಿಂದ ಒಂದೂವರೆ ಅಡಿವರೆಗೆ ಪೈಂಟ್ ಉಬ್ಬಿದೆ. ಟೈಲ್ ಸಂದಿಗೆ ತುಂಬಿದ ಬಿಳಿ ಗ್ರೌಟ್ ಹಳದಿಯಾಗಿದೆ. ನೆಲಕ್ಕೂ ಗೋಡೆಗೂ 2×4 ಅಡಿಯ ವಿಟ್ರಿಫೈಡ್ ಟೈಲ್. "ಮೂಲೆಗೆ ಸಿಲಿಕಾನ್ ಎಳೆದರೆ ಆಯ್ತು, ಬಾಕಿ 30,000 ಕೊಡಿ" ಅನ್ನುತ್ತಾರೆ. ಒಪ್ಪಬಹುದೇ?

ರಸಮಟ್ಟ:
ಸಿಲಿಕಾನ್ ಬೇಡ, ದುಡ್ಡೂ ಈಗಲೇ ಬೇಡ. ನೀರು ಎಲ್ಲಿಂದ ಬರುತ್ತಿದೆ ಎಂದು ಮೊದಲು ಗೊತ್ತಾಗಬೇಕು. ಪೈಪ್, ನೆಲ, ಗೋಡೆ, ಈ ಕ್ರಮದಲ್ಲೇ ನೋಡಿ.

ಪೈಪ್: ಶವರ್ ತೋಳು ಬಿಚ್ಚಿ ಆ ಬಾಯಿಗೆ ಪ್ಲಗ್ ಹಾಕಿ. ಪ್ಲಂಬರನ ಹ್ಯಾಂಡ್ ಪಂಪಿನಲ್ಲಿ 7 ಕಿಲೊ (ಚದರ ಸೆಂ.ಮೀ.ಗೆ) ಒತ್ತಡ ಕೊಟ್ಟು ಒಂದು ಗಂಟೆ ಬಿಡಿ, ಗೇಜಿನ ಮುಳ್ಳು ಇಳಿದರೆ ಪೈಪ್ ಸೋರುತ್ತಿದೆ. ಗೀಸರ್ ಕಡೆಗೆ ವಾಲ್ವ್ ಮುಚ್ಚಿರಲಿ. ಡೈವರ್ಟರ್ (ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ ವಾಲ್ವ್) ಶವರಿನ ಕಡೆಗೆ ತೆರೆದೇ ಇರಬೇಕು. ಮುಚ್ಚಿ ಟೆಸ್ಟ್ ಮಾಡಿದರೆ ಡೈವರ್ಟರಿನಿಂದ ಶವರಿನವರೆಗಿನ ಪೈಪಿಗೆ ಒತ್ತಡವೇ ಬೀಳುವುದಿಲ್ಲ, ಹೆಚ್ಚಾಗಿ ಸೋರುವುದು ಅಲ್ಲೇ. ಅಲ್ಲಿನ ಹಿತ್ತಾಳೆ ಎಲ್ಬೋ ಟೈಲಿನಿಂದ ಒಳಗೆ ಹೋಗಿದ್ದರೆ ತೋಳಿನ ಥ್ರೆಡ್ ಎರಡೇ ಸುತ್ತು ಹಿಡಿದಿರುತ್ತದೆ. ಉದ್ದ ಹೆಚ್ಚಿಸುವ ತುಂಡು (ಎಕ್ಸ್‌ಟೆನ್ಶನ್ ನಿಪ್ಪಲ್) ಹಾಕದೆ ಟೆಫ್ಲಾನ್ ಸುತ್ತಿ ಸುಧಾರಿಸಿರುತ್ತಾರೆ.

ನೆಲ: ನೆಲದ ನೀರು ಹೊರಹೋಗುವ ಟ್ರ್ಯಾಪಿನ ಬಾಯಿಯನ್ನು ಪ್ಲಾಸ್ಟಿಕ್ ಸುತ್ತಿದ ಬಟ್ಟೆಯಿಂದ ಬಿಗಿಯಾಗಿ ಮುಚ್ಚಿ, ಬಾಗಿಲ ಕಡೆ ಸಣ್ಣ ಕಟ್ಟೆ ಕಟ್ಟಿ, ಎರಡು ಇಂಚು ನೀರು ನಿಲ್ಲಿಸಿ, ಪೆನ್ಸಿಲಿನಲ್ಲಿ ಗುರುತು ಹಾಕಿ. 24 ಗಂಟೆಗೆ ಆವಿಯಾಗಿ ಕೆಲವು ಮಿಲಿಮೀಟರ್ ಇಳಿದೀತು. ಅದಕ್ಕಿಂತ ಹೆಚ್ಚು ಇಳಿದರೆ ನೆಲವೇ ಕುಡಿಯುತ್ತಿದೆ.

ಎರಡೂ ಸರಿಯಿದ್ದರೆ ಮಾತ್ರ ಗೋಡೆಗೆ ನೀರು ಬಿಟ್ಟು ನೋಡಿ. ಒಂದೊಂದು ಟೆಸ್ಟಿನ ನಡುವೆ ಕೆಲವು ದಿನ ಒಣಗಲು ಬಿಡಿ. ಕೆಂಪುಕಲ್ಲು ಹೀರಿದ ನೀರನ್ನು ಬೇಗ ಬಿಡುವುದಿಲ್ಲ, ನಿನ್ನೆಯ ಒದ್ದೆಯನ್ನು ಇಂದಿನದೆಂದು ತಿಳಿಯುತ್ತೀರಿ.

ಅಂದ ಹಾಗೆ ಹಳದಿ ಗ್ರೌಟನ್ನು ಕಂಟ್ರಾಕ್ಟರಿನ ತಲೆಗೆ ಕಟ್ಟಬೇಡಿ. ಬಾವಿ, ಬೋರ್‌ವೆಲ್ ನೀರಿನಲ್ಲಿ ಕಬ್ಬಿಣವಿದ್ದರೆ ಬಿಳಿ ಗ್ರೌಟ್ ಎಲ್ಲಿದ್ದರೂ ಹಾಗೆಯೇ.

ಕರಣೆ_ಕೆಲಸ:
ಪೈಪ್ ಸೋರದಿದ್ದರೂ ನೆಲ ಒಡೆಯಲೇಬೇಕು ಮಾರಾಯ್ರೆ. 2×4ರ ಟೈಲನ್ನು ನೆಲಕ್ಕೆ ಹಾಕಿದ ಮೇಲೆ ನಾಲ್ಕೂ ಕಡೆಯಿಂದ ಟ್ರ್ಯಾಪಿಗೆ ಇಳಿಜಾರು ಕೊಡುವುದು ಹೇಗೆ? 1×1 ಅಡಿಯ ಆಂಟಿಸ್ಕಿಡ್ ತಂದು, ಟ್ರ್ಯಾಪಿನಿಂದ ಮೂಲೆಗಳಿಗೆ ಕರ್ಣವಾಗಿ ಕತ್ತರಿಸಿ ಕೂರಿಸಬೇಕು. 80ಕ್ಕೆ 1ರಂತೆ ಇಳಿಜಾರು, ಅಂದರೆ 4 ಅಡಿಗೆ 15 ಮಿ.ಮೀ. ಟ್ರ್ಯಾಪಿನ ಜಾಲರಿ ಟೈಲಿಗಿಂತ 2 ಮಿ.ಮೀ. ಕೆಳಗಿರಲಿ.

ಗೋಡೆಯ ಕೆಳಗಿನ ಎರಡು ಅಡಿ ಟೈಲೂ ತೆಗೆಯಬೇಕು, ನೀರು ತಡೆಯುವ ಕೋಟಿಂಗ್ ನೆಲದಿಂದ ಗೋಡೆಗೆ ತಿರುಗದಿದ್ದರೆ ಮೂಲೆಯಲ್ಲೇ ಸೋರುತ್ತದೆ. ಶವರಿನ ಗೋಡೆ ಟೊಳ್ಳಾಗಿದ್ದರೆ ಪೂರ್ತಿ 7 ಅಡಿ. ಟೊಳ್ಳಿಗೆ ಕಾರಣ ಒಂದೋ ಅಂಟಿನ ಬದಲು ಸಿಮೆಂಟ್ ಹಾಲಿನಲ್ಲಿ (ನೀರು ಬೆರೆಸಿದ ಸಿಮೆಂಟ್) ಕೂರಿಸಿದ್ದು, ಅಥವಾ ಅಂಟನ್ನು ನಾಲ್ಕು ಮೂಲೆಗೆ ಉಂಡೆ ಮಾಡಿ ಒತ್ತಿದ್ದು. ವಿಟ್ರಿಫೈಡ್ ನೀರು ಹೀರುವುದಿಲ್ಲ, ಸಿಮೆಂಟ್ ಅದನ್ನು ಹಿಡಿಯುವುದಿಲ್ಲ. ಚೀಲದ ಮೇಲೆ ಐಎಸ್ 15477 (ಟೈಲ್ ಅಂಟಿನ ಭಾರತೀಯ ಮಾನಕ), ಟೈಪ್ 2 ಎಂದಿರುವ ಅಂಟು ತರಿಸಿ, ಹಲ್ಲಿನ ಕರಣೆಯಲ್ಲಿ ಎಳೆಯಬೇಕು. 3 ಮಿ.ಮೀ. ದಪ್ಪಕ್ಕೆ 20 ಕಿಲೊ ಚೀಲ ಸುಮಾರು 50 ಚದರಡಿಗೆ ಬರುತ್ತದೆ.

ಟ್ರ್ಯಾಪಿನ ಸುತ್ತ ಕಾಂಕ್ರೀಟನ್ನು ಮುಕ್ಕಾಲು ಇಂಚು ಕೆತ್ತಿ ನಾನ್‌ಶ್ರಿಂಕ್ (ಒಣಗಿದಾಗ ಕುಗ್ಗದ) ಗ್ರೌಟ್ ತುಂಬಿಸಿ, ಪಿವಿಸಿಗೂ ಕಾಂಕ್ರೀಟಿಗೂ ತಾನಾಗಿ ಬೆಸುಗೆ ಬೀಳುವುದಿಲ್ಲ. ಮೂಲೆ ಮತ್ತು ಟ್ರ್ಯಾಪಿಗೆ ಫೈಬರ್ ಮೆಶ್, ಮೇಲೆ ಎರಡು ಭಾಗದ ಪಾಲಿಮರ್ ಕೋಟಿಂಗ್, ಮೊದಲನೆಯದು ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ಆಟಿಯ (ಜುಲೈ-ಆಗಸ್ಟಿನ ತುಳು ತಿಂಗಳು) ಮಳೆಯಲ್ಲಾದರೆ ಡಬ್ಬದ ಮೇಲೆ ಬರೆದ ಒಣಗುವ ಗಂಟೆಗಳ ಲೆಕ್ಕ ನಂಬಬೇಡಿ. ಬೆರಳಿಗೆ ಅಂಟದಷ್ಟು ಒಣಗಿದ ಮೇಲೇ ಎರಡನೆಯ ಕೋಟ್. ಪೂರ್ತಿ ಗಟ್ಟಿಯಾದ ಮೇಲೆ 48 ಗಂಟೆ ನೀರು ನಿಲ್ಲಿಸಿ, ನಂತರವೇ ಟೈಲ್.

ಕುಂಬಳೆ_ಪೇಟೆ:
ಇಷ್ಟೆಲ್ಲ ಒಡೆಯುವ ಬದಲು ಎಪಾಕ್ಸಿ ಗ್ರೌಟ್ ಹಾಕಿದರೆ ಆಗದೇ?

ಕರಣೆ_ಕೆಲಸ:
ಸಂದು ಮುಚ್ಚುತ್ತದೆ, ಇಳಿಜಾರು ಬರುವುದಿಲ್ಲ. ಟೊಳ್ಳು ಟೈಲ್ ಅಲುಗಿದರೆ ಎಪಾಕ್ಸಿಯೂ ಬಿರಿಯುತ್ತದೆ. ಗಟ್ಟಿ ಕೂತ ಟೈಲಿಗೆ, ಹಳೆ ಗ್ರೌಟ್ ಆಳಕ್ಕೆ ಕೆರೆದು ತೆಗೆದ ಮೇಲೆ ಹಾಕಿದರೆ ಒಳ್ಳೆಯದೇ.

ಗಡಿ_ವಕಾಲತ್ತು:
ಒಡೆಯುವ ಮೊದಲು ದಾಖಲೆ ಮಾಡಿ, ಒಡೆದ ಮೇಲೆ ಸಾಕ್ಷಿ ಇರುವುದಿಲ್ಲ. ನಿಂತ ನೀರಿನಲ್ಲಿ ಸ್ಕೇಲ್ ಇಟ್ಟು ಫೋಟೊ, ಟೈಲ್ ತಟ್ಟುವ ವಿಡಿಯೊ, ಪ್ರೆಶರ್ ಗೇಜಿನ ಮೊದಲ ಮತ್ತು ಕೊನೆಯ ಓದು. ದೋಷಗಳನ್ನು ಬರೆದು, 15 ದಿನದಲ್ಲಿ ಸರಿಪಡಿಸಿ ಎಂದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ, ವಾಟ್ಸಾಪಿನಲ್ಲೂ ಹಾಕಿ. ಬಾಕಿ ಹಣ ತಡೆದಿರುವ ಕಾರಣವನ್ನೂ ಅದರಲ್ಲೇ ಬರೆಯಿರಿ, ಸುಮ್ಮನೆ ಕೊಡದೆ ಕೂತರೆ ತಪ್ಪು ನಿಮ್ಮದಾಗಿ ಕಾಣುತ್ತದೆ. ಬೇರೆ ಮೇಸ್ತ್ರಿಯಿಂದ ರಿಪೇರಿಯ ಎಸ್ಟಿಮೇಟ್ ಬರೆಸಿಕೊಳ್ಳಿ.

ಅವರು ಕರ್ನಾಟಕದವರೆಂದು ಮಂಗಳೂರಿಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರ ವಾಸಿಸುವಲ್ಲೇ ದೂರು ಕೊಡಬಹುದು, ಅಂದರೆ ಕಾಸರಗೋಡು ಜಿಲ್ಲಾ ಗ್ರಾಹಕ ಆಯೋಗದಲ್ಲಿ. ಕಾಲಮಿತಿ 2 ವರ್ಷ. ಕೆಲಸಕ್ಕೆ ನೀವು ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಸ್ಥಳ ನೋಡಲು ತಜ್ಞರನ್ನು ನೇಮಿಸುವಂತೆ ಕೇಳಿಕೊಳ್ಳಿ, ಅವರು ನೋಡಿ ಹೋಗುವವರೆಗೆ ಟೈಲ್ ಮುಟ್ಟಬೇಡಿ.

ಬದಿಯಡ್ಕ_ಮನೆ:
ಎಲ್ಲರಿಗೂ ಧನ್ಯವಾದ. ಶವರ್ ಬಾಯಿಗೆ ಪ್ಲಗ್ ಯಾವ ಅಳತೆಯದ್ದು?

ರಸಮಟ್ಟ:
ಸಾಮಾನ್ಯವಾಗಿ ಅರ್ಧ ಇಂಚು, ಹೊರಥ್ರೆಡ್ಡಿನದ್ದು. ಟೆಫ್ಲಾನ್ ಸುತ್ತಿ ಮೊದಲು ಕೈಯಲ್ಲೇ ಕೂರಿಸಿ, ಆಮೇಲೆ ಸ್ಪ್ಯಾನರಿನಲ್ಲಿ ಒಂದು ಸುತ್ತು ಸಾಕು. ಜಾಸ್ತಿ ತಿರುಗಿಸಿದರೆ ಎಲ್ಬೋ ಬಿರಿದು, ಇಲ್ಲದ ಸೋರಿಕೆ ನೀವೇ ಮಾಡಿದಂತಾಗುತ್ತದೆ.