ಅಪ್‌ಡೇಟ್: ಡೆಂಟಲ್ ಹೈಜಿನಿಸ್ಟ್ ಆಗಿ ಕೆಲಸಕ್ಕೆ ಸೇರಿದ್ದೇನೆ

ಪಿಯುಸಿ ವಿಜ್ಞಾನದ ನಂತರ ಬಿಡಿಎಸ್ ಸೀಟಿಗಾಗಿ ಮತ್ತೆ ನೀಟ್ ಬರೆಯಬೇಕೇ ಅಥವಾ ಎರಡು ವರ್ಷಗಳ ಡೆಂಟಲ್ ಹೈಜಿನಿಸ್ಟ್ ಡಿಪ್ಲೊಮಾ ಮಾಡಬೇಕೇ ಎಂದು ಹಿಂದೆ ತಮ್ಮೆಲ್ಲರನ್ನು ಕೇಳಿದ್ದೆ. ಡಿಪ್ಲೊಮಾ ಮುಗಿಸಿ, ರಾಜ್ಯ ದಂತ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡು, ಈಗ ಬಾಗಲಕೋಟೆಯ ನವನಗರದ ದಂತ ಚಿಕಿತ್ಸಾಲಯವೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ.

ನಮ್ಮ ಕೆಲಸದ ಎಲ್ಲೆಯನ್ನು 1948ರ ದಂತವೈದ್ಯರ ಕಾಯ್ದೆಯೇ ಹೇಳಿತ್ತು: ಹಲ್ಲಿನ ಸ್ಕೇಲಿಂಗ್ (ಗಟ್ಟಿಯಾದ ಪಾಚಿಯನ್ನು ಕೆರೆದು ತೆಗೆಯುವುದು), ಶುಚಿ, ಪಾಲಿಶ್ ಮತ್ತು ಬಾಯಿಯ ಸ್ವಚ್ಛತೆಯ ತಿಳಿವಳಿಕೆ. ಹಲ್ಲು ಕೀಳುವುದು, ಹುಳುಕು ತುಂಬುವುದು ವೈದ್ಯರಿಗೇ ಬಿಟ್ಟದ್ದು.

ಸ್ಕೇಲಿಂಗ್ ಯಂತ್ರಕ್ಕಿಂತ ರೋಗಿಗಳೊಂದಿಗಿನ ಮಾತೇ ಕಷ್ಟವೆಂದು ನನಗನ್ನಿಸಿದೆ. ಮಿಸ್ರಿ (ಹುರಿದ ತಂಬಾಕಿನ ಪುಡಿ) ತಿಕ್ಕುವ ಅಜ್ಜಿಯರ ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಯಲ್ಲಿ, ಜೊಲ್ಲುಗ್ರಂಥಿಯ ನಾಳಗಳು ಅಲ್ಲೇ ತೆರೆದುಕೊಳ್ಳುವುದರಿಂದ, ಪಾಚಿ ಕಲ್ಲಿನಂತೆ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ತೆಗೆದೊಡನೆ, 'ಯವ್ವಾ, ಹಲ್ಲು ಸಡಿಲ ಮಾಡಿದಿ' ಎಂಬ ದೂರು ಬರುತ್ತದೆ. ಒಸಡು ಮೊದಲೇ ಸವೆದಿತ್ತು, ಆ ಪಾಚಿಯೇ ಹಲ್ಲುಗಳನ್ನು ಒಂದಕ್ಕೊಂದು ಬಿಗಿದು ಹಿಡಿದಿತ್ತು ಎಂಬುದನ್ನು ಕನ್ನಡಿ ಹಿಡಿದು ತೋರಿಸಿ, ಚಿಕಿತ್ಸೆಗೆ ಮೊದಲೇ ಹೇಳಿಬಿಡುವುದು ಉತ್ತಮ. (ನಂತರ ಹೇಳಿದರೆ ಅದು ಸಬೂಬಿನಂತೆ ಕೇಳಿಸುತ್ತದೆ.)

ಸಂಬಳ ಸಾಧಾರಣ. ಸಣ್ಣ ಚಿಕಿತ್ಸಾಲಯಗಳಲ್ಲಿ ವೈದ್ಯರೇ ಸ್ಕೇಲಿಂಗ್ ಮಾಡಿಕೊಳ್ಳುವುದರಿಂದ ನಮಗೆ ಪ್ರತ್ಯೇಕ ಹುದ್ದೆ ಇರುವುದು ಅಪರೂಪ. ನನಗೂ ಸ್ಕೇಲಿಂಗ್ ಜೊತೆಗೆ ಉಪಕರಣಗಳನ್ನು ಆಟೋಕ್ಲೇವ್‌ನಲ್ಲಿ ಕ್ರಿಮಿಶುದ್ಧಗೊಳಿಸುವ ಹೊಣೆಯಿದೆ. ಆದ್ದರಿಂದ ಬೆಳಗಾವಿ, ವಿಜಯಪುರದ ಕಡೆಯಿಂದ ಇದೇ ಪ್ರಶ್ನೆ ಕೇಳಿದ್ದವರು ಶುಲ್ಕ ಕಟ್ಟುವ ಮೊದಲು ಕೋರ್ಸಿಗೆ ಮಾನ್ಯತೆ ಇದೆಯೇ ಎಂಬುದನ್ನು ಪರಿಷತ್ತಿನಲ್ಲಿ, ಕೆಲಸ ಸಿಗುವುದೇ ಎಂಬುದನ್ನು ಹತ್ತಿರದ ದಂತ ಕಾಲೇಜಿನ ಒಸಡು ಚಿಕಿತ್ಸಾ ವಿಭಾಗದಲ್ಲಿ ವಿಚಾರಿಸಿಕೊಳ್ಳಿ.